ಎಳೆದರೆ ಏಳುತ್ತೆ

ಆ ಕೆಲಸ ನನಗೆ ಬರುತ್ತದೆ ಎಂದು ಡಂಗುರ ಹೊಡೆದುಕೊಂಡವಳು ನಾನೇ. ಯಾರೂ ನನ್ನನ್ನು ಕೇಳಿರಲಿಲ್ಲ. ಕೆಂಗೇರಿಯ ಆಚೆ, ಲೇಔಟಿಗೆ ಹೋಗದೆ ಉಳಿದ ಒಂದೂವರೆ ಎಕರೆಯಲ್ಲಿ ನಮ್ಮಣ್ಣ ಇನ್ನೂ ರಾಗಿ, ಅವರೆ ಬೆಳೆಯುತ್ತಾನೆ. ಅದಕ್ಕೆಂದು ಒಂದು ಮಿನಿ ಟ್ರ್ಯಾಕ್ಟರ್ ಇದೆ. ಗೊಬ್ಬರ ಸಾಗಿಸಲು ಜಾಕಿಯ ಮೇಲೆ ತಾನೇ ಎದ್ದು ಸುರಿಯುವ ಟ್ರಾಲಿಯನ್ನೂ ತಂದ. ತಂದ ಮೇಲೆ ಗೊತ್ತಾಯಿತು, ಆ ಜಾಕಿಗೆ ಎಣ್ಣೆಯ ಹೋಸ್ ಸಿಕ್ಕಿಸಲು ಟ್ರ್ಯಾಕ್ಟರಿನ ಹಿಂದೆ ಬಾಯಿಯೇ ಇಲ್ಲ. ಎಣ್ಣೆಯನ್ನು ಬೇಕಾದ ಕಡೆ ತಿರುಗಿಸುವ, ಲಿವರ್ ಇರುವ ಡಿಸಿ ವಾಲ್ವ್ ಒಂದನ್ನು ಸೀಟಿನ ಪಕ್ಕ ಕೂರಿಸಿ, ಪಂಪಿನಿಂದ ಅದಕ್ಕೆ, ಅದರಿಂದ ಹಿಂದಕ್ಕೆ ಹೋಸ್ ಎಳೆಯಬೇಕು.

"ಮೆಕ್ಯಾನಿಕ್‌ನ ಕರೆಸ್ತೀನಿ" ಎಂದ ಅಣ್ಣ.

"ಯಾವ ಮೆಕ್ಯಾನಿಕ್ಕು? ನಾನೇನು ಸತ್ತೋಗಿದೀನಾ?" ಎಂದೆ.

ಜಂಬಕ್ಕೆ ಕಾರಣವಿತ್ತು. ಲಗ್ಗೆರೆಯ ಒಂದು ವರ್ಕ್‌ಶಾಪಿನಲ್ಲಿ ಹದಿನಾರು ವರ್ಷ ಹೈಡ್ರಾಲಿಕ್ ಹೋಸುಗಳ ತುದಿಗೆ ಫಿಟ್ಟಿಂಗ್ ಒತ್ತಿದ್ದೇನೆ. ಜೆಸಿಬಿಯವರು, ಲಾರಿಯವರು ಹರಿದ ಹೋಸ್ ಹಿಡಿದುಕೊಂಡು ಬಂದು "ಅಕ್ಕ ಇದಾರಾ?" ಎಂದೇ ಕೇಳುತ್ತಿದ್ದರು. ಆದರೆ ನಮ್ಮೂರಿನಲ್ಲಿ ಮಾತ್ರ ನಾನು ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಮಾಡುವವಳು. ಹೇಳಿ ಹೇಳಿ ಸಾಕಾಗಿತ್ತು. ಇವತ್ತು ಕಣ್ಣಾರೆ ನೋಡಲಿ ಎಂದು ಭಾನುವಾರ ಬೆಳಗ್ಗೆಯೇ ಸುಂಕದಕಟ್ಟೆಯಿಂದ ಸ್ಪ್ಯಾನರ್ ಚೀಲ ಹೊತ್ತುಕೊಂಡು ಬಸ್ ಹತ್ತಿದೆ.

ಕೆಲಸ ಚೆನ್ನಾಗಿಯೇ ಮಾಡಿದೆ, ಸುಳ್ಳು ಯಾಕೆ ಹೇಳಲಿ. ಸೀಮೆಎಣ್ಣೆಯಲ್ಲಿ ಧೂಳೆಲ್ಲ ಒರೆಸಿ, ಒಂದು ಮರಳಿನ ಕಣವೂ ಎಣ್ಣೆಗೆ ಬೀಳದ ಹಾಗೆ ವಾಲ್ವ್ ಕೂರಿಸಿದೆ. ಇಂಜಿನ್ ಚಾಲೂ ಮಾಡಿ, ಎಲ್ಲಾದರೂ ಲೀಕ್ ಇದೆಯೇ ಎಂದು ಹೋಸಿನ ಉದ್ದಕ್ಕೂ ರಟ್ಟಿನ ತುಂಡು ಹಿಡಿದು ನೋಡಿದೆ. ಅಣ್ಣ ಬೆರಳಿನಿಂದ ಮುಟ್ಟಲು ಬಂದಾಗ ಗದರಿದೆ. "ಕೈ ತೆಗಿ! ಸೂಜಿ ಮೊನೆಯಷ್ಟು ತೂತಿದ್ರೂ ಎಣ್ಣೆ ಚರ್ಮದೊಳಗೆ ನುಗ್ಗುತ್ತೆ." ಅವನು ಗಾಬರಿಯಾಗಿ ಹಿಂದೆ ಸರಿದ. ಅತ್ತಿಗೆ ಬಾಗಿಲಲ್ಲಿ ನಿಂತು ನಗುತ್ತಿದ್ದಳು.

ಉಳಿದದ್ದು ಒಂದೇ. ಟ್ರಾಲಿಯ ಜಾಕಿಗೆ ಎರಡು ಹೋಸ್. ಒಂದರಲ್ಲಿ ಎಣ್ಣೆ ಹೋದರೆ ಟ್ರಾಲಿ ಏಳುತ್ತದೆ, ಇನ್ನೊಂದರಲ್ಲಿ ಹೋದರೆ ಇಳಿಯುತ್ತದೆ. ಎರಡರ ತುದಿಯೂ ಒಂದೇ ಥರ, ಯಾವುದನ್ನು ಎಲ್ಲಿ ಸಿಕ್ಕಿಸಿದರೂ ಕೂರುತ್ತದೆ. ವರ್ಕ್‌ಶಾಪಿನಲ್ಲಿ ಗುರುತಿಗೆ ಎರಡರಲ್ಲಿ ಒಂದರ ತುದಿಗೆ ಕೆಂಪು ಟೇಪು ಸುತ್ತದೆ ನಾವು ಹೋಸನ್ನು ಹೊರಗೆ ಬಿಡುತ್ತಿರಲಿಲ್ಲ. ಆವತ್ತು ಟೇಪು ಚೀಲದಲ್ಲೇ ಇತ್ತು. ಆಮೇಲೆ ಸುತ್ತಿದರಾಯಿತು ಎಂದು ಸಿಕ್ಕಿಸಿಬಿಟ್ಟೆ.

ಅಷ್ಟರಲ್ಲಿ ಪಕ್ಕದ ಮನೆಯ ಮಾವ ಬಂದು ನಿಂತಿದ್ದರು. ಊರಿಗೆ ಮೊದಲು ಟ್ರ್ಯಾಕ್ಟರ್ ತಂದವರು ಅವರು. "ಹೆಣ್ಮಕ್ಕಳ ಕೈಲಿ ಇದೆಲ್ಲ ಆಗ್ತದೇನವ್ವಾ?" ಎಂದರು. ನಾನು ಸೀಟು ಹತ್ತಿ ಲಿವರ್ ಎಳೆದೆ. ಏನೂ ಆಗಲಿಲ್ಲ. ಮುಂದಕ್ಕೆ ತಳ್ಳಿದೆ. ಟ್ರಾಲಿ ಮೆಲ್ಲಗೆ ಎದ್ದಿತು.

ಉಲ್ಟಾ ಆಗಿತ್ತು. ಟ್ರ್ಯಾಕ್ಟರಿನಲ್ಲಿ ನೇಗಿಲು ಎತ್ತಬೇಕಾದರೆ ಲಿವರನ್ನು ನಮ್ಮ ಕಡೆಗೆ ಎಳೆಯುತ್ತೇವೆ. ಮೂವತ್ತು ವರ್ಷದಿಂದ ಅಣ್ಣನ ಕೈಗೆ ಗೊತ್ತಿರುವುದು ಅದೊಂದೇ. ಇಳಿಸಿ, ಇಂಜಿನ್ ಆಫ್ ಮಾಡಿ, ಎರಡು ತುದಿ ಅದಲು ಬದಲು ಮಾಡಿದ್ದರೆ ಎರಡು ನಿಮಿಷದ ಕೆಲಸ. ಆದರೆ ಎದ್ದ ಟ್ರಾಲಿಯನ್ನೇ ನೋಡುತ್ತಾ ಮಾವ ಅಂದುಬಿಟ್ಟರು: "ಭಲೇ! ಕೆಲಸ ಅಂದ್ರೆ ಹಿಂಗಿರ್ಬೇಕು ಕಣವ್ವಾ. ಒಂದೇ ಸಲಕ್ಕೆ!"

ಒಂದೇ ಸಲಕ್ಕೆ. ಆ ಮಾತು ಕೇಳಿ ನನ್ನ ಬಾಯಿಗೆ ಬೀಗ ಬಿತ್ತು. ಅವರೆಲ್ಲ ಟ್ರಾಲಿ ನೋಡುತ್ತಿದ್ದರೇ ಹೊರತು ನನ್ನ ಕೈಯನ್ನಲ್ಲ.

ಅಣ್ಣ ಹಿಗ್ಗಿ ಹೀರೇಕಾಯಿ ಆಗಿದ್ದ. "ಎಳೆದರೆ ಏಳುತ್ತೆ ತಾನೆ?" ಎಂದು ಕೇಳಿದ.

"ಹೂಂ, ಎಳೆದರೆ ಏಳುತ್ತೆ" ಎಂದೆ. ಮಾವ ಹೋಗಲಿ, ಊಟ ಆದಮೇಲೆ ಅದನ್ನು ನಿಜ ಮಾಡಿದರಾಯಿತು ಎಂದುಕೊಂಡೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಇಂಜಿನ್ ಆರಿಸದೆ, ಟ್ರಾಲಿಯನ್ನು ಇಳಿಸದೆ, ಕೆಳಗೆ ಒಂದು ದಿಮ್ಮಿಯ ಆಸರೆಯನ್ನೂ ಕೊಡದೆ ಕೈ ತೊಳೆಯಲು ಹಿತ್ತಲಿಗೆ ಹೋದೆ. ಅತ್ತಿಗೆಗೆ ಕೆಲಸ ಕಂಡರೆ ಸುಮ್ಮನಿರಲು ಆಗುವುದಿಲ್ಲ. ಹೆಂಗೂ ಎದ್ದಿದೆಯಲ್ಲ, ಅಂಟಿಕೊಂಡ ಹಳೇ ಗೊಬ್ಬರ ಕೆರೆದುಬಿಡೋಣ ಎಂದು ಗುದ್ದಲಿ ತಂದಳು. "ಇನ್ನೊಂಚೂರು ಎತ್ರೀ" ಎಂದು ಅಣ್ಣನಿಗೆ ಕೂಗಿದ್ದು ನನಗೂ ಕೇಳಿಸಿತು. ಸೋಪು ಹಚ್ಚಿದ ಕೈ ಹಾಗೇ ನಿಂತಿತು. "ಅಣ್ಣಾ, ಬೇಡ!" ಎನ್ನುವಷ್ಟರಲ್ಲಿ ಅವನು ಎಳೆದಾಗಿತ್ತು.

ಓಡಿ ಬಂದಾಗ, ಅತ್ತಿಗೆ ಕೆಳಗಿನ ಚೌಕಟ್ಟಿನ ಮೇಲೆ ಊರಿದ್ದ ಕೈ ಇಳಿದ ಟ್ರಾಲಿಯಡಿ ಸಿಕ್ಕಿಕೊಂಡಿತ್ತು. ಅಣ್ಣ ಸೀಟಿನಿಂದ ಹಾರಿ ಅವಳ ಹತ್ತಿರ ನಿಂತು, ಬರಿಗೈಯಲ್ಲಿ ಟ್ರಾಲಿ ಎತ್ತಲು ಒದ್ದಾಡುತ್ತಿದ್ದ. ನಾನು ಲಿವರ್ ತಳ್ಳಿದೆ. ಟ್ರಾಲಿ ಎದ್ದಿತು. ಅತ್ತಿಗೆಯ ಎಡಗೈಯ ಕಡೆಯ ಎರಡು ಬೆರಳು ಜಜ್ಜಿಹೋಗಿದ್ದವು.

ಮಾವ ಕಾರು ತಂದರು. "ನೀವು ನಡೀರಿ, ಬೀಗ ಹಾಕ್ಕೊಂಡು ಬರ್ತೀನಿ" ಎಂದೆ. ಕಾರು ತಿರುವು ದಾಟಿದ ಮೇಲೆ ನಾನು ಮಾಡಿದ್ದನ್ನು ಇಲ್ಲಿ ಬರೆಯಲೂ ನಾಚಿಕೆಯಾಗುತ್ತದೆ. ಟ್ರಾಲಿ ಇಳಿಸಿ, ಎರಡು ತುದಿ ಬಿಚ್ಚಿ ಅದಲು ಬದಲು ಮಾಡಿದೆ. ಸ್ಪ್ಯಾನರ್ ಕೂಡ ಬೇಕಾಗಲಿಲ್ಲ. ನೆಲಕ್ಕೆ ಬಿದ್ದ ಎಣ್ಣೆಯ ಮೇಲೆ ಬೂದಿ ಸುರಿದೆ. ಅಷ್ಟು ಸಾಲದು ಎಂದು ಚೀಲದಿಂದ ಕೆಂಪು ಟೇಪು ತೆಗೆದು, ಮೊದಲಿನಿಂದಲೂ ಇತ್ತೇನೋ ಎನ್ನುವಷ್ಟು ನೀಟಾಗಿ ಸುತ್ತಿದೆ. ಆಮೇಲೆ ಮುಖ ತೊಳೆದುಕೊಂಡು ಆಸ್ಪತ್ರೆಗೆ ಹೋಗಿ ಎಲ್ಲರ ಜೊತೆ ಅತ್ತೆ. ಅಳು ಮಾತ್ರ ನಿಜವೇ.

ಬೆರಳು ಉಳಿಯಲಿಲ್ಲ. ಮಾರನೆಯ ದಿನ ಅಣ್ಣ ಬಟ್ಟೆ ತೆಗೆದುಕೊಂಡು ಹೋಗಲು ಮನೆಗೆ ಬಂದವನು ನೇರ ಟ್ರ್ಯಾಕ್ಟರ್ ಹತ್ತಿದ. ನಾನು ಕಿಟಕಿಯಲ್ಲಿದ್ದೆ. ಲಿವರ್ ಎಳೆದ, ಎದ್ದಿತು. ತಳ್ಳಿದ, ಇಳಿಯಿತು. ಮತ್ತೆ ಎಳೆದ. ಎಷ್ಟು ಸಲ ಹಾಗೆ ಮಾಡಿದನೋ. ಒಳಗೆ ಬಂದು ಗೋಡೆಗೆ ಒರಗಿ ಕೂತ.

"ಎಳೆದೆ ಅಂತಲೇ ಜ್ಞಾಪಕ ಕಣವ್ವಾ. ತಳ್ಳಿಬಿಟ್ಟಿದೀನಿ. ನನಗೆ ತಿಳೀಲೇ ಇಲ್ಲ ನೋಡು."

ಹೇಳಬೇಕಿತ್ತು. ಬಾಯಿ ಬಿಟ್ಟರೆ ಮುಗಿಯುತ್ತಿತ್ತು. ನಾನು ಒಳಗೆ ಹೋಗಿ ಕಾಫಿ ಮಾಡಿಕೊಂಡು ಬಂದೆ.

ಅಲ್ಲಿಂದ ಎರಡು ವರ್ಷ ನಮ್ಮಣ್ಣ ತನ್ನನ್ನು ತಾನೇ ನಂಬಲಿಲ್ಲ. ಟ್ರ್ಯಾಕ್ಟರ್ ಬೀಗದ ಕೈ ಮಾವನಿಗೆ ಕೊಟ್ಟುಬಿಟ್ಟ. ಬೀದಿಯ ಕೊನೆವರೆಗೆ ಹೋದವನು ಗ್ಯಾಸ್ ಆರಿಸಿದೆನೇ ಎಂದು ವಾಪಸ್ ಬರುತ್ತಿದ್ದ. ಬಸ್ ನಂಬರು ಓದಿದ ಮೇಲೂ ಪಕ್ಕದವರನ್ನು ಕೇಳುತ್ತಿದ್ದ. ಅತ್ತಿಗೆ ಅವನಿಗೆ ಒಂದು ಮಾತು ಅಂದವಳಲ್ಲ. ಆದರೆ ಅವನು ಎದುರಿಗೆ ಬಂದರೆ ಎಡಗೈಯನ್ನು ಸೆರಗಿನೊಳಗೆ ಎಳೆದುಕೊಳ್ಳುತ್ತಿದ್ದಳು, ಅವನು ನೋಡಿ ಸಂಕಟಪಡಬಾರದು ಅಂತ. ಅವನಿಗೆ ಅದೇ ಸಂಕಟ. ಇದೆಲ್ಲ ನೋಡಿಯೂ ನಾನು ಹಬ್ಬಕ್ಕೆ ಹೋಗಿ ಅವರ ಮನೆಯ ಒಬ್ಬಟ್ಟು ತಿಂದು ಬರುತ್ತಿದ್ದೆ.

ಕಳೆದ ತಿಂಗಳು ಅಣ್ಣ ಫೋನ್ ಮಾಡಿದ. "ವಿಜಯನಗರದಲ್ಲಿ ಮರೆವಿನ ಡಾಕ್ಟ್ರು ಇದಾರಂತೆ. ನಿಮ್ಮತ್ತಿಗೆಗೆ ಹೇಳ್ಬೇಡ. ನೀನೊಬ್ಬಳು ಬಾ, ನನಗೆ ಧೈರ್ಯ ಸಾಲದು."

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಇವತ್ತು ಯಾವ ವಾರ ಎಂದು ಕೇಳಿದರು, ನೂರರಿಂದ ಏಳೇಳು ಕಳೆಯುತ್ತಾ ಹೋಗಿ ಎಂದರು, ಮೂರು ಪದ ಹೇಳಿ ಆಮೇಲೆ ನೆನಪಿದೆಯಾ ಎಂದರು. ಅಣ್ಣ ಸ್ಕೂಲಿನಲ್ಲಿ ಎದ್ದು ನಿಂತು ಮಗ್ಗಿ ಒಪ್ಪಿಸಿದ ಹಾಗೆ ಎಲ್ಲ ಒಪ್ಪಿಸಿದ. ಒಂದೂ ತಪ್ಪಲಿಲ್ಲ.

"ಎಲ್ಲಾ ಚೆನ್ನಾಗಿದೆಯಲ್ಲ ಸಾರ್. ಮರೆವು ಅಂತ ಯಾವಾಗಿಂದ ಅನ್ನಿಸ್ತಾ ಇದೆ?"

ಅಣ್ಣ ಟ್ರಾಲಿಯ ಕಥೆ ಹೇಳಿದ. ಕೈ ತಳ್ಳಿದ್ದು, ತಲೆಗೆ ಎಳೆದ ಹಾಗೆ ನೆನಪಿರುವುದು. "ಹೆಂಡ್ತಿ ಬೆರಳು ಹೋಯ್ತು ಮೇಡಂ. ಇವತ್ತಿಗೂ ಎಳೆದೆ ಅಂತಲೇ ಅನ್ಸುತ್ತೆ ನನಗೆ. ಅದೇ ಕಾಯಿಲೆ ಅಲ್ವಾ?"

"ಕಾಯಿಲೆ ಅಲ್ಲ" ಎಂದೆ ನಾನು. ಇಬ್ಬರೂ ನನ್ನ ಕಡೆ ತಿರುಗಿದರು. "ನೀನು ಎಳೆದಿದ್ದೇ ಅಣ್ಣಾ. ಆವತ್ತು ಎಳೆದರೆ ಇಳೀತಿತ್ತು. ನಾನು ಹೋಸ್ ಉಲ್ಟಾ ಹಾಕಿದ್ದೆ. ಗೊತ್ತಿದ್ದೂ ಹೇಳಲಿಲ್ಲ. ನೀವು ಆಸ್ಪತ್ರೆಗೆ ಹೋದ ಮೇಲೆ ಬದಲಾಯಿಸಿದೆ."

ಬೈಯುತ್ತಾನೆ, ಹೊಡೆಯುತ್ತಾನೆ ಎಂದು ಕಾದೆ. ಅಣ್ಣ ತನ್ನ ಬಲಗೈಯನ್ನು ನೋಡಿಕೊಂಡ.

"ಹಂಗಾದ್ರೆ ನಾನು ಎಳೆದಿದ್ದೇನಾ?"

"ಹೂಂ ಅಣ್ಣಾ."

"ನಿಜವಾಗ್ಲೂ ಎಳೆದಿದ್ದೇ?"

"ಎಳೆದಿದ್ದೇ."

ಅವನ ಮುಖ ಅರಳಿತು. ಕ್ಷಮೆ ಕೇಳಲು ನಾನು ಬಾಯಿ ತೆರೆಯುವ ಮೊದಲೇ ಅವನು ಜೇಬಿನಿಂದ ಫೋನ್ ತೆಗೆದು, ಡಾಕ್ಟರ ಮುಂದೆಯೇ ಅತ್ತಿಗೆಗೆ ಮಾಡಿದ. ಕಣ್ಣಿಂದ ನೀರು ಇಳಿಯುತ್ತಿತ್ತು, ನಗುತ್ತಲೂ ಇದ್ದ.

"ಲೇ, ನಾನಲ್ಲ ಕಣೇ! ನಿನ್ನ ಕೈ ಮೇಲೆ ಟ್ರಾಲಿ ಬಿದ್ದಿದ್ದು ನನ್ನ ತಪ್ಪಲ್ಲ ಕಣೇ! ನಾನು ಸರಿಯಾಗೇ ಎಳೆದಿದ್ದೆ!"

ಆ ಕಡೆಯಿಂದ ಅತ್ತಿಗೆಯ ಧ್ವನಿ ನನಗೂ ಸ್ಪಷ್ಟವಾಗಿ ಕೇಳಿಸಿತು. "ಮತ್ತೆ ಯಾರದ್ದು?"

ಅಣ್ಣ ನನ್ನ ಮುಖ ನೋಡಿದ. ಫೋನನ್ನು ನನ್ನ ಕೈಗೆ ಕೊಟ್ಟ.