ಗಾಡಿಗೆ ಹಿಡಿದ ಮಗ್ಗದ ಅಳತೆ

ನನ್ನ ಹೆಂಡತಿಗೆ ನನ್ನ ಬೈಕಿನ ಮೇಲೆ ಯಾವ ದ್ವೇಷವೂ ಇಲ್ಲ. ಅವಳಿಗೆ ಆಗಿಬರದಿದ್ದದ್ದು ನನ್ನ ಬಲಮೊಣಕಾಲು. ಹೋದ ಬೇಸಿಗೆಯಲ್ಲಿ ಯಳಂದೂರಿನ ಹತ್ತಿರದ ಒಣಗಿದ ಕೆರೆಯಂಗಳದಲ್ಲಿ ಬೈಕು ಓಡಿಸಿ ಬಂದವನು ವಾರಗಟ್ಟಲೆ ಕುಂಟಿದ್ದೆ. ನಾವು ಕೊಳ್ಳೇಗಾಲದ ರೇಷ್ಮೆ ನೇಯುವವರು. ಕಾಲು ಕುಂಟಿದರೆ ನಮ್ಮಲ್ಲಿ ಮಗ್ಗವೂ ಕುಂಟುತ್ತದೆ. ನಾನು ಕಾಲು ಚಾಚಿಕೊಂಡು ಎಣ್ಣೆ ಹಚ್ಚುತ್ತಿದ್ದರೆ ಅವಳು ಪಕ್ಕದ ಮಗ್ಗದಲ್ಲಿ ಎಳೆ ಬಿಗಿಮಾಡುವ ಹಲಗೆಯನ್ನು ಬೇಕೆಂದೇ ಜೋರಾಗಿ ಬಡಿಯುತ್ತಿದ್ದಳು.

ಈ ವರ್ಷ ಮತ್ತೆ ಹೊರಡುವ ಮಾತೆತ್ತಿದ ಕೂಡಲೇ ತೀರ್ಪು ಬಂತು. "ಓಗ್ಬನ್ನಿ, ಬ್ಯಾಡ ಅನ್ನಕಿಲ್ಲ. ಆದ್ರೆ ಈ ಸಲ ಕುಂಟ್ಕಂಡು ಇಳುದ್ರೆ ಗಾಡಿ ನನ್ ತಮ್ಮುಂಗೆ."

ಅವಳ ತಮ್ಮನದು ಹನೂರಿನಲ್ಲಿ ಜೋಳ, ಅರಿಶಿನದ ವ್ಯಾಪಾರ. ಅವನು ಆಗಲೇ ಮನೆಗೆ ಬಂದು ನನ್ನ ಗಾಡಿಯ ಹಿಂಭಾಗವನ್ನು ಹೆಣ್ಣು ನೋಡಲು ಬಂದವನ ಹಾಗೆ ನೋಡಿಕೊಂಡು ಹೋಗಿದ್ದ. "ಬಾವಾ, ಇಲ್ಲೊಂದು ಕ್ಯಾರಿಯರ್ ಆಕುಸ್ಬುಟ್ರೆ ಎರಡು ಮೂಟೆ ಸಲೀಸಾಗಿ ಕೂರ್ತವೆ ಕಣ್ರಿ," ಎಂದ. ನನ್ನ ಗಾಡಿಯ ಮೇಲೆ ಮೂಟೆ! ಆ ರಾತ್ರಿ ನನಗೆ ಅನ್ನ ಸೇರಲಿಲ್ಲ.

ಆ ಕೆರೆಯಂಗಳದ ಕೂಟ ದೊಡ್ಡ ರೇಸೇನಲ್ಲ. ಮೂರೂರಿನ ತಲೆ ನರೆತ ಒಂದಷ್ಟು ಹುಚ್ಚರು ಸೇರಿ ಸುಣ್ಣದ ಗೆರೆ ಎಳೆದು, ತಿರುವಿಗೊಂದು ಹಳೇ ಟೈರಿಟ್ಟು ಸುತ್ತು ಹೊಡೆಯುತ್ತೇವೆ. ಬೆಳಿಗ್ಗೆ ಅಭ್ಯಾಸ, ಮಧ್ಯಾಹ್ನ ಓಟ, ಗೆದ್ದವನಿಗೆ ಎಳನೀರು. ಸೋತವರೂ ಅದನ್ನೇ ಕುಡಿಯುತ್ತಾರೆ. ಆದರೆ ನನಗೆ ಆ ಗಾಡಿ ಬೇಕು. ದಿನವಿಡೀ ನೆಲದ ಗುಂಡಿಯೊಳಗೆ ಕಾಲು ಇಳಿಬಿಟ್ಟು ಮಗ್ಗ ತುಳಿಯುತ್ತೇನೆ. ಎಷ್ಟು ತುಳಿದರೂ ಒಂದಂಗುಲ ಮುಂದಕ್ಕೆ ಹೋಗುವುದಿಲ್ಲ. ಬೈಕಿನ ಮೇಲೆ ಅದೇ ಕಾಲನ್ನು ಸುಮ್ಮನೆ ಇಟ್ಟುಕೊಂಡಿದ್ದರೂ ಮಲೆಮಹದೇಶ್ವರ ಬೆಟ್ಟ ದಾಟಿ ಪಾಲಾರಿನ ತನಕ ಹೋಗಿ ಬರಬಹುದು. ಅದರ ಸುಖ ಗುಂಡಿಯಲ್ಲಿ ಕೂತವನಿಗೇ ಗೊತ್ತು.

ಮೊಣಕಾಲಿನದೇನೂ ತಪ್ಪಿರಲಿಲ್ಲ. ತಪ್ಪು ಕಾಲಿಡುವ ಫುಟ್‌ರೆಸ್ಟಿನದು. ಅದನ್ನು ಮಾಡಿದವನು ಯಾರೋ ಗಿಡ್ಡ ಕಾಲಿನವನನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿರಬೇಕು. ನನ್ನದು ಕೊಕ್ಕರೆ ಕಾಲು. ನಮ್ಮ ಬೀದಿಯ ವೆಲ್ಡಿಂಗ್ ಅಂಗಡಿಯವನಿಂದ ಎರಡೂ ಕಡೆಗೆ ಸಾಲು ತೂತುಗಳಿರುವ ಕಬ್ಬಿಣದ ಪಟ್ಟಿ ಮಾಡಿಸಿದೆ. ಬೋಲ್ಟು ಬಿಚ್ಚಿ ಯಾವ ತೂತಿಗೆ ಹಾಕಿದರೆ ಅಲ್ಲಿಗೆ ಫುಟ್‌ರೆಸ್ಟ್ ಕೂರುತ್ತದೆ. ಗೇರು, ಬ್ರೇಕಿನ ಪೆಡಲ್ಲುಗಳನ್ನೂ ಅದರ ಜೊತೆಗೇ ಸರಿಸಿಕೊಳ್ಳಬೇಕು, ಅಷ್ಟೆ.

ಮೊದಲು ತೀರಾ ಕೆಳಗೆ ಹಾಕಿದೆ. ಮೊಣಕಾಲು ಹಾಯಾಯಿತು. ಆದರೆ ಯಳಂದೂರು ರಸ್ತೆಯ ತಿರುವಿನಲ್ಲಿ ಗಾಡಿ ವಾಲಿಸಿದ ಕೂಡಲೇ ಫುಟ್‌ರೆಸ್ಟ್ ರಸ್ತೆಗೆ ಕರ್ರೆಂದು ತಾಗಿ, ಜೀವ ಬಾಯಿಗೆ ಬಂತು. ಮಾರನೆಯ ದಿನ ಮೇಲಕ್ಕೂ ಹಿಂದಕ್ಕೂ ಹಾಕಿದೆ. ಗಾಡಿ ಹೇಳಿದಂತೆ ಕೇಳಿತು. ಆದರೆ ಹಸು ಕರೆಯಲು ಕೂತವನಂತೆ ಕಾಲು ಮಡಚಿ ಕೂರಬೇಕಾಗಿ, ಪೇಟೆ ದಾಟುವುದರೊಳಗೆ ಮೊಣಕಾಲು ಬೈಯತೊಡಗಿತು.

ಆಗ ನನಗೆ ನಮ್ಮ ಕಸುಬಿನ ಬುದ್ಧಿ ಹೊಳೆಯಿತು. ನಮ್ಮ ಕಾಲಿನ ಕೆಳಗೆ ಎಡಕ್ಕೊಂದು ಬಲಕ್ಕೊಂದು ತುಳಿಮಣೆ ಹಗ್ಗದಲ್ಲಿ ತೂಗುತ್ತಿರುತ್ತದೆ. ಒಂದಾದ ಮೇಲೊಂದು ತುಳಿದರೆ ಎಳೆಗಳು ಬಾಯಿ ಬಿಡುತ್ತವೆ, ನಡುವೆ ಲಾಳಿ ಓಡುತ್ತದೆ. ಆ ಹಗ್ಗದ ಉದ್ದ ಒಬ್ಬೊಬ್ಬರ ಕಾಲಿಗೆ ಒಂದೊಂದು ಥರ. ಒಬ್ಬರ ಮಗ್ಗದಲ್ಲಿ ಇನ್ನೊಬ್ಬರು ಕೂರಬೇಕಾದರೆ ಮೊದಲು ಸೊಂಟದಿಂದ ಅಂಗಾಲಿಗೆ ದಾರ ಹಿಡಿದು ಹಗ್ಗ ಕಟ್ಟಿಕೊಳ್ಳುತ್ತಾರೆ. ಇಷ್ಟು ವರ್ಷ ತುಳಿದರೂ ಮಗ್ಗದಲ್ಲಿ ನನ್ನ ಮೊಣಕಾಲು ಒಂದು ದಿನವೂ ತಕರಾರು ತೆಗೆದಿಲ್ಲ. ಮತ್ತೆ ಗಾಡಿಗೂ ಅದೇ ಅಳತೆ ಯಾಕಾಗಬಾರದು? ಮಗ್ಗದಲ್ಲಿ ಕೂತು ದಾರ ಹಿಡಿದು, ಗಂಟು ಹಾಕಿ, ಜೇಬಿಗಿಟ್ಟುಕೊಂಡು ಹೊರಟೆ.

ವೆಲ್ಡಿಂಗಿನವನು ನಕ್ಕ. "ಎಲ್ರೂ ಟೇಪ್ ತತ್ತಾರೆ. ನೀವೇನ್ ಸಾ, ದಾರ ತಂದಿದ್ದೀರಿ?"

"ಸುಮ್ನೆ ಆಕ್ಲಾ," ಎಂದೆ.

ಹಾಕಿದ. ಪೆಡಲ್ಲುಗಳನ್ನೂ ಬೆರಳು ತುದಿಗೆ ಸಿಗುವಂತೆ ಹತ್ತಿರ ತಂದ. ಅದರ ಮೇಲೆ ಕೂತಾಗ ನನಗೆ ನಿಜವಾಗಿಯೂ ಕಣ್ಣು ಮುಚ್ಚಿಕೊಳ್ಳುವಷ್ಟು ಹಿತವೆನಿಸಿತು. ಹಿತವೆಂದರೆ ಅದು!

ಓಟದ ದಿನ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಕೆರೆಯಂಗಳಕ್ಕೆ ಹೋದೆ. ಭಾಮೈದ ನಮಗಿಂತ ಮೊದಲೇ ಬಂದಿದ್ದ. ಕೈಯಲ್ಲಿ ಮೂಟೆ ಬಿಗಿಯುವ ಹಗ್ಗ. ನಾನು ನೋಡಿಯೂ ನೋಡದವನ ಹಾಗೆ ಚಪ್ಪಲಿ ಕಳಚಿ, ಮನೆಯ ಅಭ್ಯಾಸದಂತೆ ಬರಿಗಾಲಿನಲ್ಲೇ ಬೆಳಗಿನ ಅಭ್ಯಾಸಕ್ಕೆ ಇಳಿದೆ.

ಮೊದಲ ತಿರುವು ಬೆಣ್ಣೆ. ಎರಡನೆಯದೂ ಬೆಣ್ಣೆ. ಆಮೇಲೆ ಉದ್ದನೆಯ ನೇರ ದಾರಿ ಸಿಕ್ಕಿತು, ಮನಸ್ಸು ಹಗುರಾಯಿತು. ಇದ್ದಕ್ಕಿದ್ದಂತೆ ಎಂಜಿನ್ನು ಕಿರುಚಿತು. ಹಿಂದೆಯೇ ಗಾಡಿ ಗಕ್ಕನೆ ನಿಂತಂತಾಗಿ ಮತ್ತೆ ಜಿಗಿಯಿತು. ಮತ್ತೆ ಕಿರುಚಾಟ, ಮತ್ತೆ ಗಕ್. ಹಗ್ಗ ಬಿಚ್ಚಿದ ಕರುವಿನಂತೆ ಕುಪ್ಪಳಿಸುತ್ತಾ ನನ್ನ ಗಾಡಿ ಸುಣ್ಣದ ಗೆರೆ ದಾಟಿ ಜಾಲಿ ಪೊದೆಯ ಕಡೆಗೆ ಹೊರಟಿತು. ದಂಡೆಯ ಮೇಲಿದ್ದವರೆಲ್ಲ ಗಾಡಿ ಕೆಟ್ಟಿತೆಂದು ಕೂಗಿದರು. ಭಾಮೈದ ಮಾತ್ರ ತನ್ನ ಸೊತ್ತಿಗೇ ಪೆಟ್ಟಾಯಿತೇನೋ ಎಂಬಂತೆ ಓಡಿ ಬಂದ.

ಅವನ ಹಿಂದೆ ಸೆರಗು ಸಿಕ್ಕಿಸಿಕೊಂಡು ಬಂದ ನನ್ನ ಹೆಂಡತಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. "ಗಾಡಿಗೇನೂ ಆಗಿಲ್ಲ ಕಣ್ಲಾ. ನಿಮ್ ಬಾವ ಅದ್ರ ಮ್ಯಾಲೆ ಕೂತು ಸೀರೆ ನೇಯ್ತಾವ್ರೆ!"

ನಿಜ. ಅಳತೆ ಅಷ್ಟು ಚೆನ್ನಾಗಿ ಕೂತಿತ್ತು. ಬರಿಗಾಲಿಗೆ ತಾನು ಮಗ್ಗದಲ್ಲಿದ್ದೇನೆ ಅನಿಸಿಬಿಟ್ಟಿತ್ತು. ಎಡಗಾಲು ಒತ್ತಿದಾಗ ಗೇರು ಕೆಳಕ್ಕೆ, ಬಲಗಾಲು ಒತ್ತಿದಾಗ ಬ್ರೇಕು. ಪಕ್ಕಾ ತಾಳದಲ್ಲಿ. ಕೈಯಲ್ಲೊಂದು ಲಾಳಿ ಕೊಟ್ಟಿದ್ದರೆ ಕೆರೆಯಂಗಳದಲ್ಲಿ ಸೆರಗಿನಷ್ಟು ನೇಯ್ದೇ ಬಿಡುತ್ತಿದ್ದೆನೇನೋ. ನಾಚಿಕೆಗಿಂತ ಭಯವೇ ಹೆಚ್ಚಾಯಿತು. ಓಟಕ್ಕೆ ಉಳಿದಿದ್ದದ್ದು ಊಟದ ಹೊತ್ತು ಮಾತ್ರ.

ಹುಣಸೆ ಮರದ ಕೆಳಗೆ ಸ್ಪ್ಯಾನರು ಹಿಡಿದು ಕೂತೆ. ತೀರಾ ಮೇಲಿನ ತೂತಿಗೆ ಹೋದರೆ ಮೊಣಕಾಲು ಹೋಗುತ್ತದೆ. ಇಲ್ಲೇ ಬಿಟ್ಟರೆ ಮರ್ಯಾದೆಯ ಜೊತೆಗೆ ಹಲ್ಲೂ ಹೋಗುತ್ತದೆ. ಕೊನೆಗೆ ಒಂದೇ ಒಂದು ತೂತಿನಷ್ಟು ಹಿಂದಕ್ಕೂ ಮೇಲಕ್ಕೂ ಸರಿಸಿದೆ. ಬ್ರೇಕಿನ ಪೆಡಲನ್ನು ಬೇಕೆಂದೇ ಒತ್ತಿದ ಹೊರತು ಕಾಲಿಗೆ ಸಿಗದಷ್ಟು ಕೆಳಗಿಳಿಸಿದೆ. ಎಳನೀರು ಕೊಚ್ಚುವವನ ದಪ್ಪ ಬೂಟು ಕೇಳಿ ಹಾಕಿಕೊಂಡೆ. ಕೂತು ನೋಡಿದರೆ ಹಿತವಿಲ್ಲ. ತೀರಾ ನೋವೂ ಇಲ್ಲ. ಬೇರೆಯವರ ಮಗ್ಗದಲ್ಲಿ ಹಗ್ಗ ಬಿಚ್ಚದೆ ಕೂತ ಹಾಗಿತ್ತು. ನನಗೆ ಬೇಕಾದದ್ದೂ ಅದೇ, ಕಾಲಿಗೆ ಇದು ತನ್ನ ಜಾಗವಲ್ಲ ಎನ್ನುವ ನೆನಪಿರಬೇಕು.

ಮಧ್ಯಾಹ್ನ ಓಡಿದೆ. ಗೆಲ್ಲಲಿಲ್ಲ, ಗೆಲ್ಲುವ ಆಸೆಯೂ ಇರಲಿಲ್ಲ. ತಿರುವಿನಲ್ಲಿ ವಾಲಿದೆ, ಏನೂ ತಾಗಲಿಲ್ಲ. ನೇರ ದಾರಿ ಬಂದಾಗಲೆಲ್ಲ "ಸುಮ್ನಿರಿ, ಸುಮ್ನಿರಿ" ಎಂದು ಹೆಲ್ಮೆಟ್ಟಿನೊಳಗೇ ಕಾಲುಗಳಿಗೆ ಹೇಳಿಕೊಂಡೆ. ಸುಮ್ಮನಿದ್ದವು. ಕೆರೆಯಂಗಳವೇ ನನ್ನ ಎರಡೂ ಬದಿಗೆ ಹಿಂದಕ್ಕೆ ಓಡಿತು. ಖುಷಿಗೆ ಒಬ್ಬನೇ ಕೂಗಿಕೊಂಡೆ.

ಇಳಿಯುವ ಹೊತ್ತು ಬಂತು. ಬಲಗಾಲು ನೆಲಕ್ಕೆ ಊರಿದಾಗ ಮೊಣಕಾಲಿನಲ್ಲಿ ಚುಳ್ ಎಂದಿತು. ಎದುರಿಗೆ ಹಗ್ಗ ಹಿಡಿದ ಭಾಮೈದ, ಪಕ್ಕದಲ್ಲಿ ಹೆಂಡತಿ. ಮದುವೆ ಮನೆಯಲ್ಲಿ ಬೀಗರ ಮುಂದೆ ನಡೆಯುವವನ ಹಾಗೆ ನೆಟ್ಟಗೆ ನಡೆದು ಅವರ ತನಕ ಹೋದೆ. ಭಾಮೈದ ನನ್ನ ಕಾಲನ್ನೇ ನೋಡಿ, ನಿಟ್ಟುಸಿರು ಬಿಟ್ಟು, ಹಗ್ಗ ಸುತ್ತಿಕೊಂಡು ಎಳನೀರಿನ ಕಡೆ ಹೋದ.

ಅವನು ದೂರವಾದ ಮೇಲೆ ಅವಳು ಮೆಲ್ಲಗೆ ಕೇಳಿದಳು. "ನೋಯ್ತಾ ಅದಾ?"

"ಇಲ್ಲ ಕಣೆ."

"ಸುಳ್ಳು ಯಾಕೇಳೀರಿ? ಬಲಗಾಲು ಊರೋ ಮುಂಚೆ ಉಸ್ರು ಇಡ್ಕತೀರಿ. ಪಕ್ಕದ ಮಗ್ಗದಲ್ಲಿ ಕೂತಿರೋಳ್ಗೆ ಗೊತ್ತಾಗಕಿಲ್ವಾ?"

ಹೋಯಿತು ಗಾಡಿ ಎಂದುಕೊಂಡು ತಮ್ಮನನ್ನು ಕೂಗುತ್ತಾಳೇನೋ ಎಂದು ಕಾದೆ. ಅವಳು ಕೂಗಲಿಲ್ಲ. ಗಾಡಿಯ ಹತ್ತಿರ ಹೋಗಿ ಹಿಂದಿನ ಸೀಟಿನ ಧೂಳು ಸೆರಗಿನಲ್ಲಿ ಒರೆಸಿ, ನಾನು ಬರುವ ಮೊದಲೇ ಹತ್ತಿ ಕೂತಳು. ಅವಳ ಗಿಡ್ಡ ಕಾಲುಗಳು ಹಿಂದಿನ ಫುಟ್‌ರೆಸ್ಟ್ ಮುಟ್ಟದೆ ಗಾಳಿಯಲ್ಲಿ ತೂಗುತ್ತಿದ್ದವು.

"ನಡೀರಿ ಮನೇಗೆ," ಎಂದಳು. "ನಾಳೆ ನನ್ ಕಾಲ್ಗೂ ಒಂದ್ ದಾರ ಇಡೀರಿ. ಪಾಲಾರ್‌ಗಂಟ ಇಂಗೇ ನೇತಾಡ್ಕಂಡು ಬರಕಾಯ್ತದಾ?"