ಎಡಗಡೆಗೆ ಕೊಂಡಿ ಇದ್ದ ಟ್ರಂಪೆಟ್

ಆಳಂದದ ಹಳೆ ಸಾಮಾನಿನ ಅಂಗಡಿಯಲ್ಲಿ ನಾನು ಕೇಳಿದ್ದು ಬ್ಯೂಗಲ್. ಅತನೂರ ಕಡೆಯ ಒಂದು ಹೈಸ್ಕೂಲಿನಲ್ಲಿ ನಾನು ಪಿ.ಟಿ. ಟೀಚರ್. ಶಾಲೆಯ ಬ್ಯೂಗಲ್ ಸೀಳಿ, ಕವಾಯತಿಗೆ ಬರೀ ಡೋಲು ಉಳಿದಿತ್ತು. ತವರೂರು ಮಟಕಿಗೆ ಹೊರಟವಳು ಬಸ್ಸಿಗೆ ಹೊತ್ತಿದೆಯೆಂದು ಅಂಗಡಿಯೊಳಗೆ ಹೊಕ್ಕೆ. ಅಂಗಡಿಯವರು ಬ್ಯೂಗಲ್ ಇಲ್ಲವೆಂದರು. ಹಾಗೆಂದವರೇ ಒಂದು ಹಂಡೆಯೊಳಗೆ ಕೈ ಇಳಿಬಿಟ್ಟು, ಗೋಣಿತಟ್ಟಿನಲ್ಲಿ ಸುತ್ತಿದ್ದ ಟ್ರಂಪೆಟ್ ತೆಗೆದು ನನ್ನ ಮಡಿಲಿಗಿಟ್ಟರು. ಕಪ್ಪಾಗಿತ್ತು, ಒಂದೆಡೆ ತಗ್ಗು ಬಿದ್ದಿತ್ತು. ಆದರೂ ಅದರ ಮೂರು ಗುಂಡಿಗಳನ್ನು ಒತ್ತಿದರೆ ಎಣ್ಣೆ ಹಚ್ಚಿದಂತೆ ಇಳಿದು ಮೇಲೇಳುತ್ತಿದ್ದವು. ಇದನ್ನು ಯಾರೋ ಬಹಳ ಅಕ್ಕರೆಯಿಂದ ಇಟ್ಟುಕೊಂಡಿದ್ದರು ಅನ್ನಿಸಿತು. ಕೊಂಡುಬಿಟ್ಟೆ.

ಅಫಜಲಪುರದ ಮನೆಯಲ್ಲಿ ಹುಣಸೆಹಣ್ಣು ಹಚ್ಚಿ ತಿಕ್ಕಿದಾಗ ಅಗಲ ಬಾಯಿಯ ಮೇಲೆ ಬಳ್ಳಿಯ ಕೆತ್ತನೆ ಎದ್ದಿತು. ಅದರ ನಡುವೆ ಇಂಗ್ಲಿಷ್ ಅಕ್ಷರದಲ್ಲಿ ಏನೋ ಬರೆದಿತ್ತು. ಮೊದಲಿನದೆಲ್ಲ ಸವೆದು ಕೊನೆಯ ಪದ ಮಾತ್ರ ಓದಲು ಬಂತು: ಪ್ಯಾರಿಸ್. ನನ್ನ ಯಜಮಾನರು ಫೋಟೋ ತೆಗೆದು, ಹಳೆ ವಾದ್ಯಗಳ ಹುಚ್ಚಿರುವವರ ಒಂದು ಗುಂಪಿಗೆ ಫೋನಿನಲ್ಲಿ ಕಳಿಸಿದರು. ಗುಂಡಿಗಳ ಆಕಾರ, ಕೊಳವೆಯ ಬಾಗು ನೋಡಿದರೆ ಸುಮಾರು ನೂರು ವರ್ಷದ್ದಿರಬೇಕು, ಮಾಡಿದವರು ಯಾರೆಂದು ಹೇಳುವುದು ಕಷ್ಟ ಎಂದು ಅಲ್ಲಿಂದ ಉತ್ತರ ಬಂತು. ಮನೆಯವರಿಗೆ ಅಷ್ಟೇ ಸಾಕಾಯಿತು. ಬಂದವರಿಗೆಲ್ಲ ಪ್ಯಾರಿಸ್ಸಿನ ಟ್ರಂಪೆಟ್ ಎಂದು ತೋರಿಸತೊಡಗಿದರು.

ನನಗೆ ಸಾಕಾಗಲಿಲ್ಲ. ಅದು ನನ್ನ ಕೈಗೆ ಕೂಡುತ್ತಿರಲಿಲ್ಲ. ಟ್ರಂಪೆಟ್ಟನ್ನು ಎಡಗೈಯಲ್ಲಿ ಹಿಡಿದು ಬಲಗೈ ಬೆರಳಿನಿಂದ ಗುಂಡಿ ಒತ್ತುತ್ತಾರೆ, ಬಲಗೈಯ ಕಿರುಬೆರಳು ಸಿಕ್ಕಿಸಲು ಒಂದು ಕೊಂಡಿ ಇರುತ್ತದೆ. ಇದರಲ್ಲಿ ಕೊಂಡಿ ಎಡಗಡೆಯ ಕೊಳವೆಯ ಮೇಲಿತ್ತು, ಹಿಡಿದರೆ ಅಂಗೈಗೆ ಚುಚ್ಚುತ್ತಿತ್ತು. ಬಲಗಡೆ ಅದು ಮೊದಲಿದ್ದ ಜಾಗದಲ್ಲಿ ಬೆಸುಗೆಯ ಕಲೆ ಉಳಿದಿತ್ತು. ಅಂಗೈ ಉಜ್ಜಿ ಬೆಳ್ಳಿಯ ಲೇಪ ಹೋದದ್ದು ಕೂಡ ಎಲ್ಲರ ಟ್ರಂಪೆಟ್ಟಿನಲ್ಲಿ ಹೋಗುವ ಕಡೆಯಲ್ಲ, ಅದರ ಎದುರು ಕಡೆ. ವಾಲಿಬಾಲ್ ಆಡಿಸಿ ಆಡಿಸಿ ಕೈಗಳನ್ನು ನೋಡುವ ಚಟ ನನಗೆ. ಇದನ್ನು ಊದಿದವನು ಎಡಚ ಎಂದು ಯಜಮಾನರಿಗೆ ಹೇಳಿದೆ. ಹೇಳುವಾಗ ಕೊಂಚ ಜಂಬವೂ ಇತ್ತು.

ಕೊಂಡಿಯ ಪಕ್ಕದಲ್ಲೇ, ನಮ್ಮ ಕಡೆ ಹಿತ್ತಾಳೆ ಪಾತ್ರೆಗೆ ಹೆಸರು ಹಾಕಿಸುವಂತೆ, ಚುಕ್ಕಿ ಚುಕ್ಕಿಯಾಗಿ ಉರ್ದು ಅಕ್ಷರ ಬಡಿದಿದ್ದರು. ನಮ್ಮ ಶಾಲೆಯ ಉರ್ದು ಟೀಚರ್ ಕನ್ನಡಕ ಏರಿಸಿ ಓದಿದರು. ಒಬ್ಬರ ಹೆಸರು, ಅದರ ಕೆಳಗೆ ಜೇವರ್ಗಿ. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಅವರಿಗೆ ಅದು ಇಷ್ಟವಿಲ್ಲ.

ಮುಂದಿನ ರಜೆಗೆ ಭೀಮಾ ಸೇತುವೆ ದಾಟಿ ಜೇವರ್ಗಿಗೆ ಹೋದೆ. ಬಸ್ ನಿಲ್ದಾಣದ ಹಿಂದೆ ಬ್ಯಾಂಡಿನವರ ಅಂಗಡಿಯಲ್ಲಿ ಒಬ್ಬರು ಡೋಲಿನ ಹಗ್ಗ ಬಿಗಿಯುತ್ತ ಕೂತಿದ್ದರು. ನಾನು ಹೆಸರು ಹೇಳುವ ಮೊದಲೇ ಟ್ರಂಪೆಟ್ ನೋಡಿ ಎದ್ದು ನಿಂತರು.

"ಇದು ಎಡಗೈ ಉಸ್ತಾದರದು ಅಲ್ಲೇನ್ರೀ? ನಿಮ್ಗ ಎಲ್ಲಿ ಸಿಕ್ತು?"

ಅವರೇ ಅಂಗಡಿಯ ಬಾಗಿಲೆಳೆದು ನನ್ನನ್ನು ಉಸ್ತಾದರ ಮನೆಗೆ ಕರೆದುಕೊಂಡು ಹೋದರು.

ಉಸ್ತಾದರು ವಯಸ್ಸಾದವರು. ಬಿಳಿ ಗಡ್ಡ, ಇಸ್ತ್ರಿ ಮಾಡಿದ ಅಂಗಿ. ಟ್ರಂಪೆಟ್ ತೊಡೆಯ ಮೇಲಿಟ್ಟುಕೊಂಡರು. ತಗ್ಗಿನ ಮೇಲೆ ಹೆಬ್ಬೆರಳು ಆಡಿಸಿ, ಇದು ಮಣ್ಣೂರಿನ ಮದುವೆಯದು ಎಂದು ನಕ್ಕರು. ಅಲ್ಲಿ ಮದುಮಗನ ಕುದುರೆ ಬೆದರಿ ಹಿಂದಕ್ಕೆ ಸರಿದು, ಇವರನ್ನೂ ಟ್ರಂಪೆಟ್ಟನ್ನೂ ಗೋಡೆಗೆ ಒತ್ತಿತ್ತಂತೆ. ಇದನ್ನು ಕೊಟ್ಟವರು ಅವರ ಗುರುಗಳು. ಗುರುಗಳಿಗೆ ಕೊಟ್ಟವರು ಹೈದರಾಬಾದಿನ ಯಾವುದೋ ನವಾಬರ ದೇವಡಿಯ, ಅಂದರೆ ಅವರ ಬಂಗಲೆಯ, ಬ್ಯಾಂಡಿನಲ್ಲಿದ್ದವರು. ಅದಕ್ಕೂ ಹಿಂದಿನದು ಅವರಿಗೆ ಗೊತ್ತಿಲ್ಲ.

ನಾನು ನನ್ನ ಜಾಣತನ ತೋರಿಸಲು, ಕೊಂಡಿ ನೋಡಿಯೇ ನೀವು ಎಡಚರೆಂದು ತಿಳಿಯಿತು ಎಂದೆ.

"ನಾ ಎಡಚ ಅಲ್ರಿ, ಟೀಚರಮ್ಮ" ಎಂದು ಅವರು ಟ್ರಂಪೆಟ್ಟಿನ ಕೆಳಗಿದ್ದ ಬಲಗೈ ಎತ್ತಿದರು. ತೋರುಬೆರಳೂ ನಡುಬೆರಳೂ ಬುಡದವರೆಗೆ ಇರಲಿಲ್ಲ.

ಮದುವೆಯ ತಿಂಗಳು ಮುಗಿದರೆ ಬ್ಯಾಂಡಿನವರಿಗೆ ಬೇರೆ ಕೆಲಸ ಬೇಕು. ಇವರು ತೊಗರಿಬೇಳೆ ಮಿಲ್ಲಿಗೆ ಹೋಗುತ್ತಿದ್ದರು. ಅಲ್ಲಿ ಬೆಲ್ಟಿಗೆ ಕೈ ಸಿಕ್ಕಿತು. ಗಾಯ ಮಾಯುವಷ್ಟರಲ್ಲಿ ಬ್ಯಾಂಡಿನವರು ಬಂದು, ಇನ್ನು ಮೇಲೆ ಡೋಲು ಬಾರಿಸಿ, ಕೋಲು ಕೈಗೆ ಕಟ್ಟಿಕೊಂಡರಾಯಿತು ಎಂದರಂತೆ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು. ಇವರು ಹೂಂ ಎಂದು, ಅವರು ಹೋದ ಮೇಲೆ ಟ್ರಂಪೆಟ್ಟನ್ನು ಬಲ ಅಂಗೈಗೆ ಆನಿಸಿ ಎಡಗೈ ಬೆರಳುಗಳನ್ನು ಗುಂಡಿಗಳ ಮೇಲಿಟ್ಟರು.

"ಹಾಡೆಲ್ಲ ತಲಿಯಾಗ ಇತ್ರಿ. ಈ ಕೈಗೆ ಒಂದೂ ಗೊತ್ತಿರ್ಲಿಲ್ಲ. ಸಣ್ಣ ಕೂಸಿಗೆ ಕಲಿಸಿದಂಗ ಕಲಿಸಿದೆ."

ಕಲಿಸಿದ ಬಗೆಯನ್ನು ಹೇಳಿದವರು ಅವರ ಹೆಂಡತಿ. ಮನೆ ಸಣ್ಣದು, ನೆರೆಯವರಿಗೆ ತೊಂದರೆ, ಹಾಗಾಗಿ ಊದುವಂತಿರಲಿಲ್ಲ. ಹೆಂಡತಿ ಒಲೆಯ ಮುಂದೆ ಜೋಳದ ರೊಟ್ಟಿ ಬಡಿಯುವಾಗ, ಆ ಸಪ್ಪಳವನ್ನೇ ತಾಳ ಮಾಡಿಕೊಂಡು ಉಸ್ತಾದರು ಬಾಗಿಲ ಚೌಕಟ್ಟಿನ ಮೇಲೆ ಎಡಗೈಯ ಮೂರು ಬೆರಳು ಆಡಿಸುತ್ತಿದ್ದರು. ಬೆರಳು ತಪ್ಪಿದರೆ ನಿಲ್ಲಿಸು ಅನ್ನುತ್ತಿದ್ದರು. ಹೆಂಡತಿ ರೊಟ್ಟಿ ಕೈಯಲ್ಲಿ ಹಿಡಿದೇ ಕಾಯುತ್ತಿದ್ದರು.

"ಆ ಮಳಿಗಾಲ ನಮ್ಮನ್ಯಾಗ ಎಷ್ಟು ರೊಟ್ಟಿ ದಪ್ಪ ಆದ್ವೋ, ಎಷ್ಟು ಹರದ್ವೋ. ಎಲ್ಲಾ ಇವರು ಸುಮ್ಕ ತಿಂದ್ರು."

ಊದಲು ಉಸ್ತಾದರು ಹೊಲದ ಕಡೆ ಹೋಗುತ್ತಿದ್ದರಂತೆ. ಪಾತ್ರೆ ಬೆಸೆಯುವವರ ಕಡೆ ಕೊಂಡಿ ಬಿಚ್ಚಿಸಿ ಎಡಗಡೆಗೆ ಕೂಡಿಸಿಕೊಂಡರು. ಮುಂದಿನ ಮದುವೆ ಸುಗ್ಗಿಗೆ ಬ್ಯಾಂಡಿನ ಮೊದಲ ಸಾಲಿನಲ್ಲಿ ಇವರೇ ಇದ್ದರು. ಜನ ಮದುಮಗನನ್ನು ಬಿಟ್ಟು ಇವರ ಕೈ ನೋಡುತ್ತಿದ್ದರು ಎಂದು ಜೊತೆಗೆ ಬಂದಿದ್ದ ಡೋಲಿನವರು ಹೇಳಿದರು. ಉಸ್ತಾದರು ಅದನ್ನು ಕೇಳಿಸಿಕೊಳ್ಳದವರಂತೆ ಗುಂಡಿ ಒರೆಸುತ್ತಿದ್ದರು. ಮುಂದಿನ ಹಲ್ಲು ಬಿದ್ದ ಮೇಲೆ ಊದುವುದು ನಿಂತಿತು. ಟ್ರಂಪೆಟ್ಟನ್ನು ಶಿಷ್ಯನೊಬ್ಬನಿಗೆ ಕೊಟ್ಟರು. ಅವನು ಸೋಲಾಪುರದ ಕಡೆ ಹೋದ. ಅಲ್ಲಿಂದ ಅದು ಆಳಂದಕ್ಕೆ ಹೇಗೆ ಬಂತೆಂದು ನಮಗೆ ಯಾರಿಗೂ ತಿಳಿಯಲಿಲ್ಲ.

ಇದು ನಿಮ್ಮದೇ, ಇಟ್ಟುಕೊಳ್ಳಿ ಎಂದೆ. ಊದದವನ ಮನೆಯಲ್ಲಿ ಇದ್ದು ಏನು ಮಾಡುತ್ತದೆ ಎಂದು ಅವರು ವಾಪಸು ನನ್ನ ಕೈಗೆ ಕೊಟ್ಟರು. ಹಾಗಾದರೆ ಕೊಂಡಿಯನ್ನು ಎಂದೂ ಮುಟ್ಟುವುದಿಲ್ಲ, ಇದ್ದಂತೆಯೇ ಇಡುತ್ತೇನೆ ಎಂದೆ. ಅದಕ್ಕೆ ಅವರು ಸ್ವಲ್ಪ ಬೇಸರಪಟ್ಟರು.

"ನಿಮಗ ಬಲಗೈ ಛಲೋ ಐತಿ. ನಂದು ಹೋಗಿತ್ತು, ಸರಿಸಿದೆ. ನೀವು ನಿಮ್ಮ ಕೈಗೆ ಸರಿಸ್ಕೋರಿ. ನೋಡಾಕ ಇಟ್ರ ಅದು ಸಾಯ್ತದ."

ಎರಡು ದಿನ ಮನಸ್ಸು ಬರಲಿಲ್ಲ. ಮೂರನೆಯ ದಿನ ಅಫಜಲಪುರದಲ್ಲಿ ಬೆಸುಗೆಯವರ ಮುಂದೆ ಕೂತು ಕೊಂಡಿಯನ್ನು ಬಲಗಡೆಯ ಹಳೆ ಕಲೆಯ ಮೇಲೆಯೇ ಕೂಡಿಸಿಕೊಂಡೆ. ಈಗ ಎಡಗಡೆಯಲ್ಲೂ ಒಂದು ಕಲೆ ಇದೆ. ಮುಂದಿನ ಸಲ ಜೇವರ್ಗಿಗೆ ಹೋದಾಗ ಉಸ್ತಾದರು ಹೊಸ ಬೆಸುಗೆಯನ್ನು ಉಗುರಿನಿಂದ ಕೆರೆದು ನೋಡಿ, ಕೆಲಸ ತಾವು ಮಾಡಿಸಿದ್ದಕ್ಕಿಂತ ಚೊಕ್ಕವಾಗಿದೆ ಎಂದರು.

ಬಿಡುವಿದ್ದ ರವಿವಾರ ಈಗ ಅಲ್ಲಿಗೆ ಪಾಠಕ್ಕೆ ಹೋಗುತ್ತೇನೆ. ನನ್ನ ಸ್ವರ ಇನ್ನೂ ಒಡೆಯುತ್ತದೆ. ಉಸ್ತಾದರು ಕಣ್ಣು ಮುಚ್ಚಿ ಕೂತಿರುತ್ತಾರೆ. ಅವರ ಎಡಗೈಯ ಮೂರು ಬೆರಳು ಮೊಣಕಾಲ ಮೇಲೆ, ನನ್ನ ಬೆರಳಿಗಿಂತ ಚೂರೇ ಮುಂದಾಗಿ ಆಡುತ್ತಿರುತ್ತವೆ. ನಾನು ಅವನ್ನೇ ನೋಡಿಕೊಂಡು ಊದುತ್ತೇನೆ.