ಡಾಕ್ಟ್ರ ವ್ಯಾಗನ್ ವಾಲುತ್ತಿದ್ದುದೇಕೆ

ಗಾಡಿಯಲ್ಲಿ ದೋಷ ಇಲ್ಲ ಎಂದು ಅಂದು ನಾನು ನಿಮಗೆ ಹೇಳಿದ್ದು ಸುಳ್ಳು, ಡಾಕ್ಟ್ರೇ. ದೋಷ ಇತ್ತು. ಎಲ್ಲಿದೆಯೆಂದು ನನಗೆ ಗೊತ್ತಿತ್ತು, ಸರಿಪಡಿಸಲು ಒಂದು ಮಧ್ಯಾಹ್ನ ಸಾಕೆಂಬುದೂ ಗೊತ್ತಿತ್ತು. ಆದರೂ ಐದು ತಿಂಗಳು ಅದನ್ನು ಮುಟ್ಟಲಿಲ್ಲ — ಬೇಕೆಂದೇ.

ಇಷ್ಟು ಬರೆಯಲು ನನಗೆ ಹನ್ನೊಂದು ವರ್ಷ ಹಿಡಿಯಿತು.

ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ ನೀವು ಬೆಳ್ತಂಗಡಿಯಲ್ಲಿ ದವಾಖಾನೆ ತೆರೆದಿರಿ. ಮೂಡಬಿದ್ರೆಯ ನಿಮ್ಮ ಸೋದರಮಾವ ಬಳಸಿ ಬಿಟ್ಟಿದ್ದ ಹಳೆಯ ಸ್ಟೇಷನ್ ವ್ಯಾಗನ್ ನಿಮ್ಮ ಕೈಗೆ ಬಂದಿತ್ತು — ಹಿಂಬದಿಯಲ್ಲಿ ಒಂದು ಮಂಚದಷ್ಟು ಜಾಗವಿದ್ದ ಉದ್ದನೆಯ ಗಾಡಿ. ಬಸ್ಸು ಹೋಗದ ಊರುಗಳಿಂದ ಬಸುರಿಯರನ್ನು ಅದರಲ್ಲಿ ಮಲಗಿಸಿ ನೀವೇ ಬಿಟ್ಟುಕೊಂಡು ಬರುತ್ತಿದ್ದಿರಿ. ನಮ್ಮ ಗ್ಯಾರೇಜಿದ್ದ ಬಿ.ಸಿ.ರೋಡಿಗೆ ನೀವು ಬಂದರೆ, ಕಾರು ಬಿಡುವ ಹೆಂಗಸನ್ನು ಹೊಟೇಲಿನಲ್ಲಿ ಕೂತವರು ಚಹಾ ಬಿಟ್ಟು ಹೊರಗೆ ಬಂದು ನೋಡುತ್ತಿದ್ದರು.

ಮೊದಲ ಸಲ ನಮ್ಮ ಗ್ಯಾರೇಜಿಗೆ ಬಂದಾಗ ನೀವು ಹೇಳಿದ್ದು ನೆನಪಿದೆ. "ತಿರುವಿನಲ್ಲಿ ಗಾಡಿ ದೋಣಿಯ ಹಾಗೆ ವಾಲ್ತದೆ. ಹಿಂದೆ ಮಲಗಿದವರು ಉರುಳ್ತಾರೆ."

ಧಣಿ ಸಂಜೀವಣ್ಣನಿಗೆ ಅದು ಸುಲಭದ ಕೆಲಸ. "ಸ್ಪ್ರಿಂಗಿನ ಎರಡು ಪಟ್ಟಿ ತೆಗೆದು ಗಾಡಿ ತಗ್ಗಿಸುವ ಡಾಕ್ಟ್ರೇ. ನೆಲ ಹಿಡಿದು ಓಡ್ತದೆ."

"ತಗ್ಗಿಸಿದರೆ ನನಗೆ ಉಪಯೋಗ ಇಲ್ಲ. ನಾನು ಹೋಗುವ ದಾರಿಯಲ್ಲಿ ಇಷ್ಟಿಷ್ಟು ದೊಡ್ಡ ಕಲ್ಲುಂಟು, ಎರಡು ನೀರಿನ ತೋಡು ದಾಟ್ಲಿಕ್ಕುಂಟು. ಎತ್ತರ ಹಾಗೇ ಇರಬೇಕು, ವಾಲುವುದು ಮಾತ್ರ ನಿಲ್ಲಬೇಕು." ಆಮೇಲೆ, ಗಾಡಿಯಡಿಯಿಂದ ತೆವಳಿಕೊಂಡು ಹೊರಗೆ ಬಂದ ನನ್ನ ಕಡೆ ತಿರುಗಿದಿರಿ. "ಶೀನಪ್ಪ ಅಂತಲ್ವಾ ನಿಮ್ಮ ಹೆಸರು? ನೀವು ಹೇಳಿ, ಆಗ್ತದಾ?"

ಮೈಯೆಲ್ಲ ಗ್ರೀಸು ಮೆತ್ತಿಕೊಂಡ ನನ್ನನ್ನು ಅದುವರೆಗೆ ಯಾರೂ 'ನೀವು' ಎಂದಿರಲಿಲ್ಲ. "ಆಗ್ತದೆ" ಎಂದೆ.

ಆಗುತ್ತಿತ್ತು ಕೂಡ. ಮುಂದಿನ ಎರಡು ಚಕ್ರಗಳನ್ನು ಬೆಸೆಯುವ ಉಕ್ಕಿನ ಸರಳೊಂದು ಆ ಗಾಡಿಗಿತ್ತು. ತಿರುವಿನಲ್ಲಿ ಗಾಡಿ ಒಂದು ಕಡೆಗೆ ವಾಲದಂತೆ ತಡೆಯುವುದು ಅದರ ಕೆಲಸ. ಎರಡು ತುದಿಯ ಕೊಂಡಿಗಳೂ ತುಂಡಾಗಿ ಸರಳು ಸುಮ್ಮನೆ ನೇತಾಡುತ್ತಿತ್ತು. ಮೊದಲ ದಿನವೇ ಅದನ್ನು ಕಂಡಿದ್ದೆ. ಕೊಂಡಿಗಳನ್ನು ಮಾಡಿಯೂ ಇಟ್ಟೆ. ಹಾಕಲಿಲ್ಲ.

ಹಾಕಿದರೆ ನೀವು ಮತ್ತೆ ಬರಬೇಕಾಗಿರಲಿಲ್ಲ — ಅಷ್ಟೇ.

ಹಾಗಾಗಿ ಒಂದು ತಿಂಗಳು ಶಾಕ್ ಅಬ್ಸಾರ್ಬರ್ ಬದಲಿಸಿದೆ. ಇನ್ನೊಂದು ತಿಂಗಳು ಹಿಂದಿನ ಸ್ಪ್ರಿಂಗಿನ ಸವೆದ ಬುಷ್‌ಗಳು. ಮತ್ತೊಂದು ಸಲ ಗಾಡಿಯ ತಲೆಯ ಮೇಲಿನ ಭಾರದ ಕ್ಯಾರಿಯರ್ ಬಿಚ್ಚಿಸಿದೆ. ಯಾವುದೂ ಮೋಸದ ಕೆಲಸವಲ್ಲ. ಪ್ರತಿ ಸಲವೂ ಗಾಡಿ ಸ್ವಲ್ಪ ಸುಧಾರಿಸುತ್ತಿತ್ತು. ಪ್ರತಿ ಸಲವೂ ಪರೀಕ್ಷೆಗೆಂದು ನಾವು ಪಾಣೆಮಂಗಳೂರಿನ ಸೇತುವೆಯವರೆಗೆ ಹೋಗುತ್ತಿದ್ದೆವು. ನೀವು ಬಿಡುವುದು, ನಾನು ಪಕ್ಕದಲ್ಲಿ ಕೂರುವುದು. ಯಾವ ಭಾಗಕ್ಕೆ ಏನು ಕೆಲಸ ಎಂದು ನೀವು ಕೇಳುತ್ತಿದ್ದಿರಿ. ಹೇಳಿದ್ದನ್ನು ಮರೆಯುತ್ತಿರಲಿಲ್ಲ. ಒಂದು ಸಲ ಸೇತುವೆಯ ಹತ್ತಿರ ನಿಲ್ಲಿಸಿ, ನದಿಯ ಕಡೆ ನೋಡುತ್ತಾ, "ಕಲಿತದ್ದರಲ್ಲಿ ನನಗೆ ಎಲ್ಲಕ್ಕಿಂತ ಖುಷಿ ಇದು" ಎಂದಿರಿ — ಕಾರು ಬಿಡುವುದನ್ನು. ನೀವು ಹೋದ ಮೇಲೆ ಮುಂದಿನ ಮೂರು ವಾರ ದೂರದಲ್ಲಿ ಬರುವ ಪ್ರತಿ ಇಂಜಿನ್ನಿನ ಸದ್ದಿಗೂ ಕಿವಿಗೊಡುತ್ತಿದ್ದೆ. ಬಸ್ಸಿನದ್ದು ಬೇರೆ, ಲಾರಿಯದ್ದು ಬೇರೆ. ನಿಮ್ಮದು ಬರುವಾಗ ಹೋಗಿ ಸೀಮೆಎಣ್ಣೆಯಲ್ಲಿ ಕೈ ತೊಳೆಯುತ್ತಿದ್ದೆ.

ಐದನೆಯ ತಿಂಗಳು, ಪುಂಜಾಲಕಟ್ಟೆಯ ಈಚೆಯ ತಿರುವಿನಲ್ಲಿ, ಎದುರಿನಿಂದ ಬಂದ ಎತ್ತಿನ ಗಾಡಿಯನ್ನು ತಪ್ಪಿಸಲು ನೀವು ಸ್ಟೀರಿಂಗ್ ತಿರುಗಿಸಿದಿರಿ. ವ್ಯಾಗನ್ ವಾಲಿ, ಜಾರಿ, ಚರಂಡಿಗೆ ಇಳಿದು ಪಕ್ಕದ ಮಣ್ಣಿನ ದರೆಗೆ ಒರಗಿ ನಿಂತಿತು. ಹಿಂದೆ ತುಂಬು ಬಸುರಿ ಇದ್ದಳು. ಅದೇ ಎತ್ತಿನ ಗಾಡಿಯಲ್ಲಿ ಅವಳನ್ನು ಬಂಟ್ವಾಳದ ಆಸ್ಪತ್ರೆಗೆ ತಂದಿರಿ. ತಾಯಿ, ಮಗು ಇಬ್ಬರೂ ಉಳಿದರು. ಆದರೆ ಅವಳ ಅತ್ತೆ ಪೇಟೆಯ ನಡುವೆ ನಿಂತು ಹೇಳಿದ್ದನ್ನು ಎಲ್ಲರೂ ಕೇಳಿದರು: "ಹೆಂಗಸು ಬಿಡುವ ಗಾಡಿಗೆ ಹತ್ತಿದ್ದೇ ನಮ್ಮ ತಪ್ಪು."

ಮರುದಿನ ಗಾಡಿಯನ್ನು ಎಳೆಸಿಕೊಂಡು ಗ್ಯಾರೇಜಿಗೆ ಬಂದಿರಿ. ಹಣೆಯಲ್ಲಿ ಪಟ್ಟಿ ಇತ್ತು. ಸಂಜೀವಣ್ಣ ಒಳಗೆ ಹೋಗುವವರೆಗೆ ಕಾದು, ಮೆಲ್ಲನೆ ಕೇಳಿದಿರಿ.

"ಶೀನಪ್ಪ, ನಿಜ ಹೇಳಿ. ಗಾಡಿಯದ್ದಾ, ನನ್ನದಾ?"

ಆಗ ಹೇಳಬಹುದಿತ್ತು. ಹೇಳಿದರೆ ನೀವು ನನ್ನನ್ನು ಹೇಗೆ ನೋಡುತ್ತೀರಿ ಎಂದು — ಅಲ್ಲ, ಇನ್ನೆಂದೂ ನೋಡುವುದಿಲ್ಲ ಎಂದು — ಹೆದರಿದೆ.

"ಗಾಡಿಯಲ್ಲಿ ಎಂತದೂ ಇಲ್ಲ ಡಾಕ್ಟ್ರೇ."

ನೀವು ತಲೆಯಾಡಿಸಿದಿರಿ. ಬೀಗದ ಕೈಯನ್ನು ಬೆಂಚಿನ ಮೇಲಿಟ್ಟು ಬಸ್ಸಿಗೆ ಹೋದಿರಿ.

ಆ ಮಧ್ಯಾಹ್ನವೇ ನಾನು ಕೊಂಡಿಗಳನ್ನು ಹಾಕಿದೆ. ನೀವು ಮೋನಪ್ಪನನ್ನು ಡ್ರೈವರ್ ಆಗಿ ಇಟ್ಟುಕೊಂಡಿರಿ. ಅವನ ಕೈಯಲ್ಲಿ ಗಾಡಿ, ಒಂದಂಗುಲವೂ ತಗ್ಗದ ಅದೇ ಗಾಡಿ, ತಿರುವುಗಳಲ್ಲಿ ನೆಟ್ಟಗೆ ಓಡಿತು. ಹೊಟೇಲಿನವರು ನಕ್ಕರು. "ಕಂಡಿರಾ? ಗಂಡಸಿನ ಕೈಗೆ ಹೋದದ್ದೇ ಸರಿ ಆಯ್ತು." ನಾನು ಅಲ್ಲೇ ಕೂತು ಚಹಾ ಕುಡಿಯುತ್ತಿದ್ದೆ. ನೀವೂ ಹಾಗೆಯೇ ನಂಬಿದಿರಿ. ಮೋನಪ್ಪ ರಜೆಯಲ್ಲಿದ್ದ ದಿನ ಕರೆ ಬಂದರೆ, ಅಂಗಳದಲ್ಲಿ ವ್ಯಾಗನ್ ನಿಂತಿದ್ದರೂ ನೀವು ಬಸ್ಸಿಗೆ ಕಾಯುತ್ತಿದ್ದಿರಂತೆ. ಆ ಕಾಯುವಿಕೆಯಲ್ಲಿ ಯಾರಿಗೆ ಏನಾಯಿತೋ... ಕೇಳುವ ಧೈರ್ಯ ನನಗೆ ಈಗಲೂ ಇಲ್ಲ.

ನೀವು ಮತ್ತೆ ಗ್ಯಾರೇಜಿಗೆ ಬರಲಿಲ್ಲ. ಮೋನಪ್ಪನೇ ಬರುತ್ತಿದ್ದ. ಯಾರನ್ನು ಕಳೆದುಕೊಳ್ಳಬಾರದೆಂದು ಸುಳ್ಳು ಹೇಳಿದೆನೋ, ಅವರು ಆ ಸುಳ್ಳಿನಿಂದಲೇ ದೂರವಾದರು. ಆದರೂ ಎಷ್ಟೋ ವರ್ಷ ಆ ಇಂಜಿನ್ನಿನ ಸದ್ದು ಕೇಳಿದರೆ ಎದ್ದು ನಿಲ್ಲುತ್ತಿದ್ದೆ.

ಕಳೆದ ವಾರ ಮೋನಪ್ಪ ಸಿಕ್ಕಿದ. ನೀವು ಈಗ ಮೂಡಬಿದ್ರೆಯಲ್ಲಿದ್ದೀರಿ ಎಂದ. ನಿಮ್ಮ ತಂಗಿಯ ಮಗಳು ಕಾರು ಕಲಿಯುತ್ತೇನೆ ಎಂದಾಗ, "ಬೇಡ, ನಮ್ಮ ಕೈಗೆ ಅದು ಹಿಡಿಸುವುದಿಲ್ಲ" ಎಂದು ತಡೆದಿರಂತೆ. ಅದನ್ನು ಕೇಳಿ ನನಗೆ ಕೂರಲಾಗಲಿಲ್ಲ. ಎಲ್ಲವನ್ನೂ ಅವನಿಗೆ ಹೇಳಿದೆ.

"ಇಷ್ಟು ವರ್ಷ ಅದು ನನ್ನ ಕೈಗುಣ ಅಂತ ಎಣಿಸಿದ್ದೆ ಮಾರಾಯ," ಎಂದ. ಆಮೇಲೆ, "ನನಗೆ ಹೇಳಿ ಎಂತ ಪ್ರಯೋಜನ?"

ಹೌದು. ಅದಕ್ಕೆ ಇದನ್ನು ಬರೆದೆ. ಆದರೆ ಅಂಚೆಗೆ ಹಾಕುವುದಿಲ್ಲ, ಡಾಕ್ಟ್ರೇ. ಕಾಗದದ ಹಿಂದೆ ಅಡಗುವುದು ಇನ್ನೂ ಒಂದು ಹೇಡಿತನವಾದೀತು. ನಾಳೆ ಬೆಳಗ್ಗಿನ ಬಸ್ಸಿಗೆ ಮೂಡಬಿದ್ರೆಗೆ ಬರುತ್ತೇನೆ. ಕ್ಷಮೆ ಕೇಳಲಿಕ್ಕಲ್ಲ. ನೀವು ಬಾಗಿಲು ತೆರೆಯದಿದ್ದರೆ ಅಂಗಳದಲ್ಲೇ ನಿಂತು, ನಿಮ್ಮ ತಂಗಿಯ ಮಗಳಿಗೂ ಅಕ್ಕಪಕ್ಕದವರಿಗೂ ಕೇಳುವ ಹಾಗೆ, ಜೋರಾಗಿ ಹೇಳಿಯೇ ಹೋಗುತ್ತೇನೆ.